ಮೌಸಿಗೊಂದು ಕುಲಾವಿ

ಕಂಪ್ಯೂಟರ್ ಸರಿಯಾಗಿ 17ನೇ ನಿಮಿಷಕ್ಕೆ ನಿಂತಿತು. ಮೌಸ್ ಅಲ್ಲಾಡಿಸಿದೆ, ಪರದೆಯ ಮೇಲಿನ ಬಾಣ ಕದಲಲಿಲ್ಲ. ಆಮೇಲೆ ಇಡೀ ಪರದೆ ನೀಲಿಯಾಯಿತು. ಮೈಸೂರಿನ ಏಪ್ರಿಲ್ ಮಧ್ಯಾಹ್ನ. ನನಗೇ ಸೆಕೆ, ಅದಕ್ಕೂ ಆಗಿರಬೇಕು ಅಂತ ಎರಡು ದಿನ ಸಮಾಧಾನ ಮಾಡಿಕೊಂಡೆ. ಮಳೆ ಬಂದು ತಂಪಾದ ಸಂಜೆಯೂ ಅದೇ ಕಥೆ.

1998ರಲ್ಲಿ ಅಪ್ಪ ಕೊಡಿಸಿದ ಅಸೆಂಬಲ್ಡ್ ಪಿಸಿ ಇದು. ಒಳಗಿನ ಚಿಪ್ಪು ಪೆಂಟಿಯಂ ಎಂಎಂಎಕ್ಸ್, ವೇಗ 166 ಮೆಗಾಹರ್ಟ್ಸ್. ಕಳೆದ ತಿಂಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಎಎಂಡಿ ಕೆ6-2 ಚಿಪ್ಪೊಂದು ಸಿಕ್ಕಿತು, 400 ಮೆಗಾಹರ್ಟ್ಸಿನದು. ತಂದು ಕೂರಿಸಿದೆ. ತೊಂದರೆ ಶುರುವಾದದ್ದು ಅಲ್ಲಿಂದ.

ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. 'ಧೂಳು ಸಾರ್, ಒಳಗೆಲ್ಲಾ ಧೂಳು ತುಂಬಿರತ್ತೆ. ಅದನ್ನ ಯಾಕೆ ಇಟ್ಕೊಂಡಿದೀರಾ? ಎಸೆದುಬಿಡಿ' ಎಂದ. ಈ 'ಎಸೆದುಬಿಡಿ' ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಿಕ್ಸಿ ಜಾರಿನ ವಾಷರ್ ಕೇಳಿದರೆ ಹೊಸ ಮಿಕ್ಸಿ ತೋರಿಸುತ್ತಾರೆ. ಮತ್ತೆ ರಿಪೇರಿ ಅಂಗಡಿ ಅಂತ ಬೋರ್ಡು ಯಾಕೆ ಬೇಕು?

ಧೂಳು ಅಂದದ್ದಕ್ಕೆ ಮಾತ್ರ ನಗು ಬಂತು. ಅವನಿಗೆ ನಮ್ಮಮ್ಮ ಗೊತ್ತಿಲ್ಲ.

ಅಮ್ಮ ಕವರ್ ಹೊಲಿಯುವವಳು. ಟಿವಿಗೆ ಕವರ್, ಮಿಕ್ಸಿಗೆ ಕವರ್, ಗ್ರೈಂಡರಿಗೆ ಕವರ್. ಹೊಲಿಗೆ ಯಂತ್ರಕ್ಕೂ ಕವರ್, ಅದನ್ನು ಅದೇ ಯಂತ್ರದಲ್ಲಿ ಹೊಲಿದದ್ದು. ಫ್ರಿಜ್ಜಿನ ಹಿಡಿಗೆ ವೆಲ್ವೆಟ್ ಬಟ್ಟೆ. ರಿಮೋಟಿಗೆ ಪ್ಲಾಸ್ಟಿಕ್ಕು, ಮೇಲೆ ಎರಡು ರಬ್ಬರ್ ಬ್ಯಾಂಡು. ಚಾನೆಲ್ ಬದಲಿಸಲು ಇವತ್ತಿಗೂ ಹೆಬ್ಬೆರಳಲ್ಲಿ ಗುದ್ದಬೇಕು. ಕಂಪ್ಯೂಟರ್ ಬಂದ ದಿನ ನಾವೆಲ್ಲ ಪರದೆಗೆ ಕಣ್ಣು ನೆಟ್ಟಿದ್ದರೆ, ಅಮ್ಮ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದಳು. ಹಳೇ ಕಿಟಕಿ ಪರದೆಯ ಬಟ್ಟೆ, ನೀಲಿ ಹೂವು, ಕೆಳಗೆ ಫ್ರಿಲ್ಲು. ಮಾನಿಟರಿಗೊಂದು, ಸಿಪಿಯುಗೊಂದು, ಕೀಬೋರ್ಡಿಗೆ ದಿಂಬಿನ ಗವಸು. ಮೌಸಿಗೆ ಮಗುವಿಗೆ ಹಾಕುವಂಥ ಕುಲಾವಿ, ವೈರು ಹೊರಬರಲು ಒಂದು ತೂತು ಸಮೇತ. ಅಪ್ಪನ ಸ್ನೇಹಿತರು ನೋಡಲು ಬಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಅಮ್ಮ ಒಂದೊಂದೇ ಕವರ್ ತೆಗೆದು, ಮಡಚಿ ಮಂಚದ ಮೇಲಿಡುತ್ತಿದ್ದಳು. ಗರ್ಭಗುಡಿಯ ಪರದೆ ಸರಿಸಿದ ಹಾಗೆ, ಮಂಗಳಾರತಿಯೊಂದು ಬಾಕಿ. ಬಂದವರು ಭಕ್ತಿಯಿಂದ ನಿಂತು, ಇಸ್ಪೀಟಾಟ ನೋಡಿ ಹೋಗುತ್ತಿದ್ದರು.

ಪಕ್ಕದ ತಗಡು ಬಿಚ್ಚಿ ನೋಡಿದೆ. ಬೆರಳಿಟ್ಟು ಎಳೆದರೆ ಒಂದು ಗೆರೆಯೂ ಮೂಡಲಿಲ್ಲ. ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟೆ. ಬಿಸಿ ಹೊರಗೆಳೆಯಲು ಚಿಪ್ಪಿನ ನೆತ್ತಿಗೆ ಬಳಿಯುವ ಥರ್ಮಲ್ ಪೇಸ್ಟು ಒರೆಸಿ ಮತ್ತೆ ಹಚ್ಚಿದೆ. ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆ. 17 ಇದ್ದದ್ದು 31 ನಿಮಿಷ ಆಯಿತು, ಅಷ್ಟೇ. ವಿಂಡೋಸ್ 98 ಎಡೆಬಿಡದೆ 49.7 ದಿನ ಓಡಿದರೆ ಕೈಕೊಡುತ್ತದೆ ಅಂತ ಒಂದು ಹೆಸರಾಂತ ದೋಷವಿದೆ. ಮಿಲಿಸೆಕೆಂಡು ಎಣಿಸುವ 32 ಬಿಟ್ಟಿನ ಲೆಕ್ಕ ತುಂಬಿ ಮತ್ತೆ ಸೊನ್ನೆಗೆ ಬರುತ್ತದಂತೆ. ಅಷ್ಟು ದಿನ ಓಡಿಸಿ ನೋಡಿದ ಪುಣ್ಯಾತ್ಮ ಯಾರೋ. ನನ್ನದು 49 ನಿಮಿಷವನ್ನೇ ಕಂಡಿರಲಿಲ್ಲ.

ಕೊನೆಗೆ ಟಾರ್ಚ್ ಹಿಡಿದು ಬೋರ್ಡಿನ ಮೇಲಿನ ಸಣ್ಣ ಅಕ್ಷರ ಓದುತ್ತಾ ಕೂತೆ. ವೇಗದ ಜಂಪರನ್ನು, ಅಂದರೆ ಬೋರ್ಡಿನ ಮೇಲೆ ವೇಗ ಗೊತ್ತುಮಾಡುವ ಪುಟ್ಟ ಕ್ಲಿಪ್ಪನ್ನು, ನಾನು ಜಾಣನ ಹಾಗೆ ಬದಲಿಸಿದ್ದೆ. 2 ಪಟ್ಟು ಅಂತ ಇಟ್ಟರೆ ಈ ಚಿಪ್ಪು 6 ಅಂತ ಓದಿಕೊಳ್ಳುತ್ತದೆ, ಬೋರ್ಡಿನ ವೇಗವಾದ 66ರ ಆರು ಪಟ್ಟು ಹತ್ತಿರಹತ್ತಿರ 400 ಅಂತ ನಾಲ್ಕು ಜನರ ಮುಂದೆ ಕೊಚ್ಚಿಕೊಂಡೂ ಇದ್ದೆ. ವೋಲ್ಟಿನ ಜಂಪರು ಹಳೇ ಪೆಂಟಿಯಂನ 2.8ರಲ್ಲೇ ಇತ್ತು. ಈ ಚಿಪ್ಪಿಗೆ ಬೇಕಾದದ್ದು 2.2. ಬಿಸಿ ಏರುವುದು ವೋಲ್ಟಿನ ವರ್ಗದ ಲೆಕ್ಕದಲ್ಲಿ. ಅಂದರೆ ಶೇಕಡಾ 60ಕ್ಕೂ ಜಾಸ್ತಿ. ಸುಟ್ಟು ಕರಕಲಾಗದೆ ಉಳಿದದ್ದೇ ಹೆಚ್ಚು. 2.2 ಅಂತ ಚಿಪ್ಪಿನ ನೆತ್ತಿಯ ಮೇಲೇ ಅಚ್ಚಾಗಿತ್ತು, ಅಲ್ವಾ? ಆ ಅಕ್ಷರದ ಮೇಲೇ ಎರಡು ಸಲ ಪೇಸ್ಟು ಬಳಿದಿದ್ದೆ.

ಜಂಪರ್ ಬದಲಿಸಿದೆ. ಅರ್ಧ ಗಂಟೆ ದಾಟಿತು, ಒಂದು ಗಂಟೆಯೂ ದಾಟಿತು. ಹಳೆಯದನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಆ ಹುಡುಗನಿಗೆ ಕೊಡಲು ಒಂದು ಒಳ್ಳೇ ಉತ್ತರ ಯೋಚಿಸುತ್ತಾ ಕೂತಿದ್ದೆ. ಇನ್ನೇನು ಹೊಳೆಯಬೇಕು, ಅಷ್ಟರಲ್ಲಿ ಅಮ್ಮ ಬಂದು ಟೇಬಲ್ ಫ್ಯಾನ್ ಎತ್ತಿಕೊಂಡಳು.

'ಆಯ್ತಾ ನಿನ್ನ ಆಟ?'

ಆಫ್ ಮಾಡಿದೆ. 'ಇನ್ನೂ ಬಿಸಿ ಇದೆ, ಸ್ವಲ್ಪ ತಡಿಯಮ್ಮ' ಎಂದೆ. ಅವಳು ಆಗಲೇ ಫ್ರಿಲ್ಲು ಎಳೆದು ಸರಿಮಾಡುತ್ತಿದ್ದಳು.

'ಮೌಸಿನ ಟೋಪಿ ಎಲ್ಲಿಟ್ಟೆ?'