ಶ್ರದ್ಧೆಯ ದಾಯಾದಿಗಳು

ಮಂಗಳೂರಿನ ಗೆಳತಿಯ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಅವರ ಜೊತೆ ಇಗರ್ಜಿಗೂ ಹೋದೆ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಅಂತ, ಅಷ್ಟೇ. ಕೊಂಕಣಿ ಮೀಸ್, ಅಂದರೆ ಇಗರ್ಜಿಯ ಪೂಜೆ. ನನಗೆ ಕೊಂಕಣಿ ಅರ್ಧಂಬರ್ಧ ಅರ್ಥವಾಗುತ್ತದೆ. ಪಾದ್ರಿಗಳ ಪ್ರವಚನ ಮುಗಿದ ಮೇಲೆ ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಏನೋ ಉದ್ದದ್ದನ್ನು ಒಟ್ಟಿಗೆ ಹೇಳತೊಡಗಿದರು. ಪಕ್ಕದಲ್ಲಿ ಗೆಳತಿಯ ಅಜ್ಜಿ. ಬಾಯಲ್ಲಿ ಹಲ್ಲಿಲ್ಲ, ಕೈಯಲ್ಲಿ ಜಪಸರ. ಮಧ್ಯದ ಸಾಲುಗಳನ್ನೆಲ್ಲ ಗೊಣಗೊಣ ಅಂತ ತೇಲಿಸಿಬಿಡುತ್ತಿದ್ದರು. ‘ಸತ್ ಮಾನ್ತಾಂ’ ಅನ್ನುವ ಮಾತು ಬಂದಾಗ ಮಾತ್ರ ತಲೆ ಎತ್ತಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದರು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಕೇಳಿದೆ, “ಅದೇನೇ ಅದು, ಅಜ್ಜಿ ಗಟ್ಟಿಯಾಗಿ ಹೇಳಿದ್ದು?”

“ಸತ್ ಮಾನ್ತಾಂ ಮಾರಾಯ್ತಿ. ಇಂಗ್ಲಿಷಲ್ಲಿ ಕ್ರೀಡ್ ಅಂತಾರಲ್ಲ, ಅದು. ನಿಜ ಅಂತ ಒಪ್ತೇನೆ ಅಂತ ಅರ್ಥ.”

ಕ್ರೀಡ್! ಶಾಲೆಯಲ್ಲಿ ‘ಕ್ಯಾಸ್ಟ್, ಕ್ರೀಡ್’ ಅಂತ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದ್ದು ಬಿಟ್ಟರೆ ಆ ಪದದ ಜೊತೆ ನನಗೆ ಬೇರೆ ವ್ಯವಹಾರ ಇರಲಿಲ್ಲ. ಕನ್ನಡದಲ್ಲಿ ನಾವು ಅದನ್ನು ‘ಜಾತಿ, ಮತ’ ಅಂದು ಮುಗಿಸುತ್ತೇವೆ. ಆದರೆ ಮತ ಅಂದರೆ ಬರೀ ಅಭಿಪ್ರಾಯ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹಾಕಿ ಬರುವುದೂ ಅದೇ ಮತ. ಅಜ್ಜಿ ಹೇಳಿದ್ದು ಅಭಿಪ್ರಾಯದ ದನಿಯಲ್ಲಿ ಇರಲಿಲ್ಲ.

ಪದದ ಹುಟ್ಟು ಹುಡುಕಿದರೆ ಸಿಗುವುದು ಲ್ಯಾಟಿನ್ನಿನ ‘ಕ್ರೇದೋ’. ‘ನಾನು ನಂಬುತ್ತೇನೆ’ ಅಂತ ಅರ್ಥ. ಕ್ರೈಸ್ತರು ತಾವು ಏನೇನು ನಂಬುತ್ತೇವೆ ಅಂತ ಸಾಲಾಗಿ ಹೇಳುವ ಆ ಪಾಠ ಲ್ಯಾಟಿನ್ನಿನಲ್ಲಿ ಶುರುವಾಗುವುದೇ ಈ ಪದದಿಂದ. ಮೊದಲ ಪದವೇ ಇಡೀ ಪಾಠದ ಹೆಸರಾಯಿತು. ನಮ್ಮ ಈಶ, ಕೇನ ಉಪನಿಷತ್ತುಗಳಿಗೆ ಅವುಗಳ ಮೊದಲ ಪದದಿಂದಲೇ ಹೆಸರು ಬಂದ ಹಾಗೆ.

ಕನ್ನಡದಲ್ಲಿ ಈ ಉಪಾಯ ನಡೆಯುವುದಿಲ್ಲ. ನಮ್ಮ ಕ್ರಿಯಾಪದ ಕೂರುವುದು ಸಾಲಿನ ಕಟ್ಟಕಡೆಗೆ. ಲ್ಯಾಟಿನ್ನಿನವರು ಮೊದಲು ನಂಬುತ್ತೇನೆ ಅಂದುಬಿಟ್ಟು, ಆಮೇಲೆ ಏನನ್ನು ಅಂತ ಪಟ್ಟಿ ಕೊಡುತ್ತಾರೆ. ನಾವು ಏನು ಎತ್ತ ಎಲ್ಲ ಪೂರ್ತಿ ವಿಚಾರಿಸಿ ಆದಮೇಲೆ, ಕೊನೆಗೆ, ‘ಸರಿ, ನಂಬುತ್ತೇನೆ’ ಅನ್ನುತ್ತೇವೆ. ಮದುವೆ ಮಾತುಕತೆಯ ಹಾಗೆ. ಕೊಂಕಣಿಯೂ ನಮ್ಮ ಹಾಗೇ, ಕ್ರಿಯಾಪದ ಕೊನೆಗೆ. ಆದರೂ ಅವರು ಆ ಕೊನೆಯ ಮಾತನ್ನೇ ಎತ್ತಿ ಇಡೀ ಪಾಠಕ್ಕೆ ಹೆಸರಿಟ್ಟುಕೊಂಡರು. ಅಜ್ಜಿ ಕಾದಿದ್ದು ಅದಕ್ಕೇ ಇರಬೇಕು.

ಈ ಪಟ್ಟಿಯನ್ನು ಬರೆದು ಗಟ್ಟಿ ಮಾಡಲು ಹೊರಟ ದೊಡ್ಡ ಸಭೆ ನಡೆದದ್ದು 325ರಲ್ಲಿ, ನೈಸಿಯಾದಲ್ಲಿ. ಈಗ ಅದು ಟರ್ಕಿಯ ಇಜ್ನಿಕ್ ಎಂಬ ಊರು. ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರನ್ನೆಲ್ಲ ಕರೆಸಿದ್ದ. ಜಗಳ ಇದ್ದದ್ದು ತಂದೆ ದೇವರು, ಮಗ ದೇವರು ಒಂದೇ ಸತ್ವದವರೋ ಅಲ್ಲವೋ ಅಂತ. ಸಭೆ ‘ಒಂದೇ ಸತ್ವ’ ಅಂತ ತೀರ್ಮಾನಿಸಿತು. ಅಷ್ಟಕ್ಕೇ ಮುಗಿಯಲಿಲ್ಲ. ‘ಒಂದೇ ಬೇಡ, ಅಂಥದ್ದೇ ಅನ್ನೋಣ’ ಅನ್ನುವ ಇನ್ನೊಂದು ಪಂಗಡ ಮುಂದೆ ಹುಟ್ಟಿತು. ಗ್ರೀಕಿನಲ್ಲಿ ಈ ಎರಡು ಮಾತಿಗೂ ಇರುವ ವ್ಯತ್ಯಾಸ ಅಯೋಟ ಎಂಬ ಒಂದೇ ಅಕ್ಷರ. ಒಂದು ಕೊಂಬು, ಒಂದು ದೀರ್ಘ ತಪ್ಪಿದರೆ ಅರ್ಥ ಕೆಡುವ ಭಾಷೆಯಲ್ಲಿ ಬೆಳೆದ ನನಗೆ ಇದು ಅಂಥಾ ಆಶ್ಚರ್ಯ ಅನ್ನಿಸಲಿಲ್ಲ.

ನೈಸಿಯಾದ ಬಿಷಪ್ಪರು ಗ್ರೀಕಿನಲ್ಲಿ ಬರೆದದ್ದು ‘ನಂಬುತ್ತೇವೆ’ ಅಂತ. ಲ್ಯಾಟಿನ್ನಿನ ಪೂಜೆಗೆ ಬರುವಾಗ ಅದು ‘ನಂಬುತ್ತೇನೆ’ ಆಯಿತು. ಇಂಗ್ಲಿಷಿನಲ್ಲಿ ಪೂಜೆ ಮಾಡುವ ಕ್ಯಾಥೊಲಿಕರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ‘ನಂಬುತ್ತೇವೆ’ ಅನ್ನುತ್ತಿದ್ದವರು 2011ರಲ್ಲಿ ಮತ್ತೆ ‘ನಂಬುತ್ತೇನೆ’ಗೆ ವಾಪಸು ಬಂದರು. ನನ್ನನ್ನು ಕೇಳಿದರೆ ‘ನಂಬುತ್ತೇವೆ’ ಸುಲಭ. ನಾನು ನಂಬದ ದಿನ ಪಕ್ಕದವರು ನಂಬಿರುತ್ತಾರೆ, ಲೆಕ್ಕ ಸರಿಹೋಗುತ್ತದೆ.

ಇನ್ನು ನನಗೆ ನಿಜವಾಗಿ ಕುಣಿದಾಡುವ ಹಾಗೆ ಆದ ವಿಷಯ. ‘ಕ್ರೇದೋ’ ಮತ್ತು ಸಂಸ್ಕೃತದ ‘ಶ್ರದ್ಧಾ’ ದಾಯಾದಿಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳಿಗೆ ಒಂದೇ ಮೂಲ ಇರಬೇಕು ಅಂತ 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಹೇಳಿದ ಮೇಲೆ ಇಂಥ ಕಳೆದುಹೋದ ನೆಂಟರು ಎಷ್ಟೋ ಜನ ಸಿಕ್ಕಿದ್ದಾರೆ. ಈ ಜೋಡಿಯದು ಬಹಳ ಹಳೆಯ ಸಂಬಂಧ. ‘ಶ್ರತ್’ ಅಂದರೆ ಎದೆ, ಹೃದಯ ಅಂತಲೂ ‘ಧಾ’ ಅಂದರೆ ಇಡು ಅಂತಲೂ ಭಾಷಾಶಾಸ್ತ್ರದವರು ಬಿಡಿಸುತ್ತಾರೆ. ಯಾವುದರ ಮೇಲಾದರೂ ಎದೆಯನ್ನು ಇಡುವುದು, ಅದೇ ಶ್ರದ್ಧೆ, ಅದೇ ಕ್ರೇದೋ. ಋಗ್ವೇದದ ಹತ್ತನೇ ಮಂಡಲದಲ್ಲಿ ಶ್ರದ್ಧೆಗೆ ಅಂತಲೇ ಒಂದು ಸೂಕ್ತ ಇದೆ. ಬೆಂಕಿ ಹೊತ್ತಿಕೊಳ್ಳುವುದೂ ಶ್ರದ್ಧೆಯಿಂದಲೇ ಅನ್ನುತ್ತದೆ ಅದು. ಕಠೋಪನಿಷತ್ತಿನಲ್ಲಿ ಅಪ್ಪ ಮುದಿ ಹಸುಗಳನ್ನು ದಾನ ಕೊಡುವುದನ್ನು ನೋಡುತ್ತಿದ್ದ ಹುಡುಗ ನಚಿಕೇತನ ಒಳಗೆ ಶ್ರದ್ಧೆ ಹೊಕ್ಕಿತಂತೆ. ಅವನೇನೂ ಪಟ್ಟಿ ಒಪ್ಪಿಸಲಿಲ್ಲ, ‘ನನ್ನನ್ನು ಯಾರಿಗೆ ಕೊಡ್ತೀಯ?’ ಅಂತ ಅಪ್ಪನನ್ನು ಪೀಡಿಸಿದ.

ನಮ್ಮ ಮನೆಗಳಿಗೆ ಬರುವ ಹೊತ್ತಿಗೆ ಶ್ರದ್ಧೆಗೆ ಕೆಲಸವೇ ಬದಲಾಗಿದೆ. ‘ಓದಿನಲ್ಲಿ ಶ್ರದ್ಧೆ ಸಾಲದು’ ಅಂತ ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಪ್ಪ ಅದರ ಕೆಳಗೆ ಸಹಿ ಹಾಕಿ, ಆಮೇಲೆ ನನಗೆ ಬೇರೆಯಾಗಿ ಹಾಕಿದರು. ಇನ್ನು ಶ್ರದ್ಧೆಯಿಂದ ಮಾಡುವುದು ಶ್ರಾದ್ಧ. ಆ ಪದದ ಗತಿಯಂತೂ ಕೇಳಬೇಡಿ, ಸಿಟ್ಟು ಬಂದಾಗ ಬೈಯಲು ಬಳಸುತ್ತೇವೆ.

ನಂಬುವ ಕೆಲಸಕ್ಕೆ ಕನ್ನಡ ತನ್ನದೇ ಮಾತು ಇಟ್ಟುಕೊಂಡಿದೆ: ನಂಬು, ನೆಚ್ಚು. ‘ನಂಬರು ನೆಚ್ಚರು ಬರಿದೆ ಕರೆವರು’ ಅಂತ ಬಸವಣ್ಣನವರು ಗದರಿದ್ದು ಈ ಎರಡೇ ಪದಗಳಲ್ಲಿ. ನಂಬಿ ಕರೆದರೆ ಶಿವ ‘ಓ’ ಅನ್ನುತ್ತಾನಂತೆ. ಪಕ್ಕದ ಮನೆಯವರು ಕೂಗಿದರೆ ನಾವು ಓಗೊಡುವ ಹಾಗೆ, ಅಷ್ಟು ಸಲೀಸು. ತಮಾಷೆ ಅಂದರೆ ಇದೇ ‘ನಂಬು’ಗೆ ಎರಡಕ್ಷರ ಸೇರಿಸಿ ‘ನಂಬಿಸಿದ’ ಅಂದರೆ, ಮುಂದಿನ ಮಾತು ‘ಕತ್ತು ಕೊಯ್ದ’ ಅಂತ ಕೇಳುವವರೇ ತುಂಬಿಕೊಳ್ಳುತ್ತಾರೆ. ವಿಶ್ವಾಸದ ಕಥೆ ಇನ್ನೊಂದು. ‘ಅವರಿಗೆ ನಮ್ಮ ಮೇಲೆ ಬಹಳ ವಿಶ್ವಾಸ’ ಅಂದರೆ ಪ್ರೀತಿ ಅಂತ. ವಿಧಾನಸೌಧದಲ್ಲಿ ವಿಶ್ವಾಸ ಅಂದರೆ ತಲೆ ಎಣಿಸುವುದು.

ಲ್ಯಾಟಿನ್ ಕಡೆಯ ದಾಯಾದಿಯೂ ಸುಮ್ನೆ ಇಗರ್ಜಿಯಲ್ಲಿ ಕೂತಿಲ್ಲ. ಅದೇ ಮನೆಯ ಇನ್ನೊಂದು ಕೂಸು ಕ್ರೆಡಿಟ್. ತಿಂಗಳ ಕೊನೆಗೆ ಬ್ಯಾಂಕಿನಿಂದ ಬರುವ ‘ಕ್ರೆಡಿಟ್ ಆಗಿದೆ’ ಮೆಸೇಜನ್ನು ನಾನು ಎದೆ ಕೊಟ್ಟೇ ಓದುತ್ತೇನೆ, ಅದರಲ್ಲಿ ಸುಳ್ಳಿಲ್ಲ. ನಂಬಿ ಕೊಟ್ಟ ದುಡ್ಡು ಕ್ರೆಡಿಟ್. ನಮ್ಮ ಮಾತಲ್ಲಿ ಹೇಳಬೇಕಂದರೆ ಉದ್ರಿ.

ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಲಕ್ಷ್ಮಿ ಪಟ, ಅದರ ಕೆಳಗೆ ‘ಇಂದು ನಗದು ನಾಳೆ ಉದ್ರಿ’ ಅನ್ನುವ ಬೋರ್ಡು. ಮಂಗಳೂರಿನಿಂದ ಬಂದ ಮಾರನೇ ದಿನ ಕೊತ್ತಂಬರಿ ಬೀಜ, ತೊಗರಿಬೇಳೆ ಕಟ್ಟಿಸಿಕೊಂಡು ಫೋನು ತೆಗೆದರೆ ನೆಟ್‌ವರ್ಕ್ ಇಲ್ಲ. ಪರ್ಸು ಮನೆಯಲ್ಲಿ. ನಾನು ಪೊಟ್ಟಣಗಳನ್ನು ವಾಪಸು ಇಡಲು ಹೊರಟೆ.

“ತಗೊಂಡೋಗಿ ಮೇಡಂ, ಎಲ್ಲಿಗೆ ಓಡೋಗ್ತೀರ” ಅಂದರು ಅಂಗಡಿಯವರು. ಮೂಲೆಗೆ ಎಣ್ಣೆ ಕುಡಿದ ಉದ್ದನೆಯ ಪುಸ್ತಕ ಎಳೆದು, ಕಿವಿಯ ಮೇಲಿನ ಪೆನ್ನು ತೆಗೆದು ಬರೆದುಕೊಂಡರು. ಬಗ್ಗಿ ನೋಡಿದೆ. ನನ್ನ ಹೆಸರು ಅವರಿಗೆ ಗೊತ್ತಿಲ್ಲ ಅಂತ ಆಗ ತಿಳಿಯಿತು. ‘ಮೂಲೆಮನೆ ಮೇಡಂ – 186’ ಅಂತ ಇತ್ತು.