ಸ್ತೋತ್ರ ಹೇಳಿ ಕೂತವರ ಬಾಕಿ ಮಾತು

ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ್ದನ್ನು ಎದ್ದು ನಿಂತು ಎಲ್ಲರಿಗೂ ಹೇಳುವ ಹೊತ್ತಿಗೆ ಒಳ್ಳೆಯ ಸುದ್ದಿ ಇದ್ದವರೇ ಏಳಬೇಕು ಅನ್ನೋದು ಯಾರೂ ಬರೆದಿಡದ ನಿಯಮ. ಮಗನಿಗೆ ಕೆಲಸ ಸಿಕ್ಕಿತು, ಆಪರೇಷನ್ ಸುಸೂತ್ರವಾಯಿತು, ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ಲಾಟರಿಯಲ್ಲಿ ಮನೆ ಬಂತು, ಕರ್ತನಿಗೆ ಸ್ತೋತ್ರ. ಸಂತೋಷವೇ. ಆದರೆ ಕೆಲಸ ಹೋದವನು, ಲಾಟರಿಯಲ್ಲಿ ಹೆಸರು ಬಾರದವನು ಎದ್ದು ಏನು ಹೇಳಬೇಕು? ಅವನಿಗೂ ಒಂದು ಸಾಲು ರೆಡಿ ಇದೆ: "ಆದರೂ ದೇವರು ನಡೆಸ್ತಿದ್ದಾರೆ." ಅಷ್ಟು ಹೇಳಿ ಕೂತುಬಿಡುತ್ತಾನೆ.

ದೇವರ ಮುಂದೆ ದೂರು ಹೇಳೋಕೆ ಜಾಗ ಕೊಡದ ಸಭೆಯಲ್ಲಿ ಕಹಿ ಕಡಿಮೆಯಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ಕೃತಜ್ಞತೆಯೂ ಅಲ್ಲಿ ಬಾಯಿಪಾಠವಾಗುತ್ತದೆ.

ನಮ್ಮಲ್ಲಿ ಒಬ್ಬರು ಕಾಕೂ ಇದ್ದಾರೆ, ಬೀದರ್ ಕಡೆಯವರು. ಯಜಮಾನರು ಬಟ್ಟೆ ಮಿಲ್ಲಿನಲ್ಲಿದ್ದರು. 1982ರ ಜನವರಿಯಲ್ಲಿ ಮುಷ್ಕರ ಶುರುವಾದಾಗ ಕೆಲಸ ನಿಲ್ಲಿಸಿದ ಸುಮಾರು 2.5 ಲಕ್ಷ ಜನರಲ್ಲಿ ಅವರೂ ಒಬ್ಬರು. ಮುಷ್ಕರದ ನಾಯಕ ದತ್ತಾ ಸಾಮಂತರ ಹಿಂದೆ ಹೋದ ಎಷ್ಟೋ ಮಂದಿಯ ಹಾಗೆ ಮತ್ತೆ ಮಿಲ್ಲಿನ ಗೇಟು ದಾಟಲಿಲ್ಲ. ಸಭೆಯಲ್ಲಿ ಕಾಕೂ ಇದನ್ನೆಲ್ಲ ಹೇಳಲ್ಲ. "ಇಷ್ಟು ವರ್ಷ ನಡೆಸಿದ ದೇವರಿಗೆ ಸ್ತೋತ್ರ", ಮುಗೀತು.

ಅವರ ನಿಜವಾದ ಸಾಕ್ಷಿ ನಾನು ಕೇಳಿದ್ದು ಲೋಕಲ್‌ನಲ್ಲಿ. ಭಾನುವಾರ, ಹಳಿ ರಿಪೇರಿಯ ಮೆಗಾ ಬ್ಲಾಕ್, ಗಾಡಿ ಅಲ್ಲಲ್ಲಿ ನಿಲ್ಲುತ್ತಿತ್ತು. ಲೇಡೀಸ್ ಡಬ್ಬಾದಲ್ಲಿ ಕಿಟಕಿ ಸೀಟು ಸಿಕ್ಕಿದ್ದೇ ತಡ, ಶುರು ಮಾಡಿದರು. "ಖೋಲಿ ನಮ್ದೇ ಇತ್ತವ್ವಾ. ಬಾಡಿಗಿ ಪಾವತಿ ಮ್ಯಾಲ ಹೆಸರು ಮಾತ್ರ ಮೈದುನಂದು." ಮುಷ್ಕರದ ದಿನಗಳಲ್ಲಿ ಬಾಡಿಗೆ ಕಟ್ಟಿದವನು ಮೈದುನ. ಅದು ಪಗಡಿ ಖೋಲಿ, ಅಂದರೆ ಮೊದಲೇ ಒಂದು ಮೊತ್ತ ಕೊಟ್ಟು ಹಿಡಿದು, ಆಮೇಲೆ ಸಣ್ಣ ಬಾಡಿಗೆ ಕಟ್ಟುತ್ತಾ ಇರೋ ಕೋಣೆ. ಆಮೇಲೆ ಅದು ತನ್ನದೇ ಅಂದ. ಮಾರಿಯೂ ಬಿಟ್ಟ.

ಅದೇ ಉಸಿರಿನಲ್ಲಿ ಇನ್ನೊಂದು ಕಥೆಯೂ ಬಂತು. ಪಕ್ಕದ ಖೋಲಿಯ ಮರಾಠಿ ಹೆಂಗಸು ದಿನಾ ನಾಲ್ಕು ಭಾಕ್ರಿ ಜಾಸ್ತಿ ತಟ್ಟಿ, "ಹೆಚ್ಚಾಯ್ತು" ಅಂತ ಸುಳ್ಳು ಹೇಳಿ ಕೊಡುತ್ತಿದ್ದಳಂತೆ. ಕಿರಾಣಿ ಶೇಠ್ ಉದ್ರಿ ಬರೆದುಕೊಂಡೇ ಇದ್ದ, ಒಂದು ಸಲವೂ ಜನರ ಮುಂದೆ ಕೇಳಲಿಲ್ಲವಂತೆ. ಇದನ್ನ ಸಭೆಯಲ್ಲಿ ಯಾಕೆ ಹೇಳಲ್ಲ ಕಾಕೂ, ಅಂದೆ.

"ಹ್ಯಾಂಗ ಹೇಳ್ಲಿ? ನಡುವೆ ಅವನ ಕಥಿ ಬರ್ತದಲ್ಲ."

ನೋಡಿ, ಮೈದುನನ ಮೇಲಿನ ಸಿಟ್ಟನ್ನು ಮುಚ್ಚಿಡೋಕೆ ಹೋಗಿ ಭಾಕ್ರಿ ಕೊಟ್ಟವಳೂ ಮುಚ್ಚಿಹೋದಳು.

ಇಂಥವರಿಗೆ ನಾವು ಕೊಡುವ ಬೈಬಲ್ ವಚನ ಯಾವುದು? ಇಬ್ರಿಯರಿಗೆ 12:15, ಕಹಿಯಾದ ಬೇರು. ನೊಂದವರ ಕಡೆ ಬೆರಳು ತೋರಿಸೋಕೆ ಬಹಳ ಅನುಕೂಲದ ವಚನ. ಆದರೆ ಅಲ್ಲಿ ಎಚ್ಚರಿಕೆ ಹೇಳಿರೋದು ಇಡೀ ಸಭೆಗೆ. ಆ ಬೇರು ನಿಮ್ಮ ನಡುವೆ ಬೆಳೆಯದಂತೆ ನೀವೆಲ್ಲರೂ ನೋಡಿಕೊಳ್ಳಿ ಅಂತ. ಖೋಲಿ ಹೋದಾಗ ಸಭೆ ಎಲ್ಲಿತ್ತು ಅಂತ ಕಾಕೂ ಇವತ್ತಿಗೂ ಕೇಳಿಲ್ಲ. ನಾನು ಕೇಳುತ್ತೇನೆ.

ರೂತಳ ಪುಸ್ತಕದಲ್ಲಿ ನೊವೊಮಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಬಂದವಳು. ತುಂಬಿದವಳಾಗಿ ಹೋದೆ, ದೇವರು ಬರಿಗೈಲಿ ಕರೆತಂದ ಅಂತ ಊರ ಹೆಂಗಸರ ಎದುರೇ ದೇವರ ಮೇಲೆ ದೂರುತ್ತಾಳೆ. "ಹಾಗೆಲ್ಲ ಅನ್ನಬಾರದಮ್ಮ" ಅಂತ ಒಬ್ಬಳೂ ಬುದ್ಧಿ ಹೇಳಿದ್ದು ಅಲ್ಲಿ ಬರೆದಿಲ್ಲ. ಕೊನೆಗೆ ಮೊಮ್ಮಗ ಹುಟ್ಟಿದಾಗ ದೇವರನ್ನು ಕೊಂಡಾಡುವವರೂ ಊರ ಹೆಂಗಸರೇ. ದೂರು ಕೇಳಿಸಿಕೊಂಡವರಿಗೆ ಆ ಹಕ್ಕಿತ್ತು. ಇನ್ನು 150 ಕೀರ್ತನೆಗಳಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಅಳಲು, ದೂರು. 88ನೆಯದಂತೂ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ.

ಕಹಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಕಾಕೂ ಮಗ ಡೊಂಬಿವಲಿಯಲ್ಲಿರೋ ಚಿಕ್ಕಪ್ಪನ ಮಗನ ಜೊತೆ ಮಾತಾಡಲ್ಲ. ಇಬ್ಬರೂ ಮುಷ್ಕರ ಮುಗಿದು ಎಷ್ಟೋ ವರ್ಷಕ್ಕೆ ಹುಟ್ಟಿದವರು. ಜಗಳ ಮಾತ್ರ ಪಿತ್ರಾರ್ಜಿತ. ಮೈದುನನನ್ನು ಕ್ಷಮಿಸಬೇಕು ಅನ್ನೋದು ಕಾಕೂಗೂ ಗೊತ್ತು. ಅವನು ಮಾಡಿದ್ದು ಅನ್ಯಾಯ ಅಂತ ಯಾರಾದರೂ ಮೊದಲು ಒಪ್ಪಿಕೊಳ್ಳಲಿ.

ಒಂದು ಭಾನುವಾರ 88ನೇ ಕೀರ್ತನೆಯನ್ನು ಪೂರ್ತಿ ಓದೋಣ, ಆಮೇಲೆ ಸಾಕ್ಷಿಗೆ ಯಾರು ಏನು ಹೇಳಿದರೂ ಸುಮ್ನೆ ಕೇಳೋಣ ಅಂತ ಕಮಿಟಿಯ ಹಿರಿಯರೊಬ್ಬರಿಗೆ ಹೇಳಿದೆ. "ಹೊಸಬರು ಬಂದಿರ್ತಾರಮ್ಮ, ಹೆದರಿಕೊಳ್ತಾರೆ" ಅಂದರು. ಹೊಸಬರೂ ಇದೇ ಊರಲ್ಲಿ ಬಾಡಿಗೆ ಕಟ್ಟಿಕೊಂಡು ಬದುಕುವವರೇ ಅಲ್ವಾ? ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.