ಅಮ್ಮನಿಗೆ ಬರೆಯದ ಮಾತು ಗೆಳೆಯನಿಗೆ

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಸಾಕು, ಸೈನಿಕನೊಬ್ಬ ತಾಯಿಗೆ ಬರೆದ ಕೊನೆಯ ಪತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹಾರತೊಡಗುತ್ತದೆ. ಬರೆದವನ ಹೆಸರಿಲ್ಲ, ದಳವಿಲ್ಲ, ತಾರೀಖಿಲ್ಲ. ಅವನಿಗೆ ಸಾವಿನ ಭಯವಿಲ್ಲ, ಚಳಿಯಿಲ್ಲ, ಊಟದ ಬಗ್ಗೆ ತಕರಾರೂ ಇಲ್ಲ. ಯಾರೋ ಮನೆಯಲ್ಲಿ ಫ್ಯಾನಿನಡಿ ಕುಳಿತು ಹೊಸೆದ ಸಾಲುಗಳು ಎಂಬುದು ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ. ಆದರೂ ನಾವು ಕೈ ಮುಗಿದು ಮುಂದಕ್ಕೆ ಕಳುಹಿಸುತ್ತೇವೆ. ಅಪ್ಪಟ ಸೈನಿಕನ ಪತ್ರ ಹೇಗಿರುತ್ತದೆ ಎಂದು ನೋಡಬೇಕಾದರೆ ಅವನು ತಾಯಿಗೆ ಬರೆದದ್ದನ್ನು ಬಿಟ್ಟು ಸ್ನೇಹಿತನಿಗೆ ಬರೆದದ್ದನ್ನು ಓದಬೇಕು. ತಾಯಿಗೆ ಯಾವ ಮಗನೂ ನಿಜ ಬರೆಯುವುದಿಲ್ಲ. ಅಲ್ಲಿ ಎಲ್ಲವೂ ಕ್ಷೇಮ.

ಮೊದಲನೆಯ ಮಹಾಯುದ್ಧದ ಒಂದು ಪತ್ರ ನನ್ನನ್ನು ಬಹಳ ಕಾಡಿದೆ. 1914ರ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಮ್ಮ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಯ್ ಬಂದರಿನಲ್ಲಿ ಇಳಿಯತೊಡಗಿದರು. ಸಂಬಳ ತಿಂಗಳಿಗೆ 11 ರೂಪಾಯಿ. ಹಲವರು ತೆಳು ಹತ್ತಿಯ ಸಮವಸ್ತ್ರದಲ್ಲೇ ಯುರೋಪಿನ ಚಳಿಗೆ ಬಂದಿದ್ದರು. ಮುಂದಿನ ಮಾರ್ಚ್‌ನಲ್ಲಿ ಫ್ರಾನ್ಸಿನ ನೆವ್ ಶಾಪೆಲ್ ಎಂಬ ಹಳ್ಳಿಯಲ್ಲಿ ಕದನ. ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನರ ವಿಷಾನಿಲ. ಇಷ್ಟೆಲ್ಲ ಆದ ಮೇಲೆ, 1915ರ ಮೇ ತಿಂಗಳಲ್ಲಿ, ಪಂಜಾಬಿನ ಒಬ್ಬ ಹವಾಲ್ದಾರ ಬಲೂಚಿಸ್ತಾನದಲ್ಲಿದ್ದ ಇನ್ನೊಂದು ದಳದ, ನಾಯಕ್ ದರ್ಜೆಯ ಸ್ನೇಹಿತನಿಗೆ ಪತ್ರ ಬರೆಯುತ್ತಾನೆ. ದೇವರಾಣೆಗೂ ಈ ಯುದ್ಧಕ್ಕೆ ಬರಬೇಡ ಎನ್ನುತ್ತಾನೆ. ಒಂದು ಸಲ ಹೇಳಿ ಸುಮ್ಮನಾಗುವುದಿಲ್ಲ, ಬರಬೇಡ ಎಂದು ಮೂರು ಸಲ ಬರೆಯುತ್ತಾನೆ. ನನ್ನ ತಮ್ಮನೂ ಸೇನೆಗೆ ಸೇರದಂತೆ ನೋಡಿಕೋ, ನಿನ್ನ ನೆಂಟರಿದ್ದರೆ ಅವರನ್ನೂ ಸೇರಲು ಬಿಡಬೇಡ. ಫಿರಂಗಿ, ಬಾಂಬು, ಬಂದೂಕುಗಳು ಹಗಲೂ ರಾತ್ರಿ ಶ್ರಾವಣದ ಮಳೆಯಂತೆ ಸುರಿಯುತ್ತಿವೆಯಂತೆ. ಇಲ್ಲಿಯವರೆಗೆ ಬದುಕಿರುವವರು ಪಾತ್ರೆಯಲ್ಲಿ ಬೇಯದೆ ಉಳಿದ ನಾಲ್ಕು ಕಾಳುಗಳಂತೆ.

ಈ ಕೊನೆಯ ಹೋಲಿಕೆಯನ್ನು ಓದಿದಾಗ ನಾನು ಪುಟ ತಿರುಗಿಸಲಾಗದೆ ಕುಳಿತೆ. ಕುದಿಯುವ ಪಾತ್ರೆಯಲ್ಲಿ ಬೇಯದ ಕಾಳಿಗೆ ಅದೃಷ್ಟವೇನೂ ಇಲ್ಲ, ಅದರ ಸರದಿ ಇನ್ನೂ ಬಂದಿಲ್ಲ ಅಷ್ಟೆ. ಕಂಬನಿಗೆಂದೇ ಕುಳಿತು ಬರೆಯುವವರಿಗೆ ಇದು ಹೊಳೆಯುವುದಿಲ್ಲ.

ಇಂಥ ಮಾತು ಬರೆಯಕೂಡದೆಂದು ಕಟ್ಟಪ್ಪಣೆಯಿತ್ತು. ಇವನು ಹೇಗೆ ಬರೆದ? ಅದನ್ನೂ ಅವನೇ ಹೇಳುತ್ತಾನೆ: ಸೈನಿಕರ ಪತ್ರಗಳನ್ನು ಅಧಿಕಾರಿಗೆ ಓದಿ ಹೇಳುವ ಕೆಲಸ ಅವನದೇ! ಬೇಲಿ ಕಾಯುವವನೇ ಸಂದಿ ಮಾಡಿಕೊಂಡಿದ್ದ. ಆದರೆ ಅವನ ಮೇಲೂ ಒಂದು ಕಣ್ಣಿತ್ತು. ಭಾರತೀಯ ಸೈನಿಕರ ಅಂಚೆಯನ್ನು ಪರೀಕ್ಷಿಸಲೆಂದೇ ಫ್ರಾನ್ಸಿನಲ್ಲಿ ಸೆನ್ಸಾರ್ ಕಚೇರಿಯಿತ್ತು. ಇವೆಲಿನ್ ಹೋವೆಲ್ ಎಂಬ ಅಧಿಕಾರಿ ಅದರ ಮುಖ್ಯಸ್ಥ. ಕಚೇರಿಯವರು ಪತ್ರಗಳ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ ವರದಿ ಕಳುಹಿಸುತ್ತಿದ್ದರು. ಮೂಲ ಪತ್ರಗಳು ಬಹುಪಾಲು ಕಳೆದುಹೋದವು. ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಕದ್ದು ಓದಿದವರ ದಯೆಯಿಂದ ಇವತ್ತು ನಾವು ಓದುತ್ತಿದ್ದೇವೆ. ಅವರಿಗೆ ಕೃತಜ್ಞತೆ ಹೇಳಬೇಕೋ ಬೈಯಬೇಕೋ ನನಗಂತೂ ತೀರ್ಮಾನಿಸಲಾಗಿಲ್ಲ.

ಈ ಹೋವೆಲ್ ಸಾಮಾನ್ಯನಲ್ಲ. 1915ರ ಆರಂಭದಲ್ಲೇ ಅವನು ಒಂದು ವಿಷಯ ಗುರುತಿಸಿದ್ದ. ಸಿಪಾಯಿಗಳು ಪತ್ರಗಳಲ್ಲಿ ಪದ್ಯ ಬರೆಯತೊಡಗಿದ್ದಾರೆ, ಇದು ಮನಸ್ಸು ಕದಡಿರುವುದರ ಅಶುಭ ಸೂಚನೆ ಎಂದು ವರದಿ ಮಾಡಿದ. (ಫೇಸ್‌ಬುಕ್ಕಿನ ಕವಿಗಳು ಕ್ಷಮಿಸಬೇಕು.)

ಪತ್ರ ಗುಟ್ಟಾಗಿ ಇರುವ ಪ್ರಶ್ನೆಯೇ ಇರಲಿಲ್ಲ. ಓದುಬರಹ ಬಾರದವರು ಇನ್ನೊಬ್ಬರಿಂದ ಬರೆಸುತ್ತಿದ್ದರು, ಊರಿನಲ್ಲಿ ಮತ್ತೊಬ್ಬರು ಓದಿ ಹೇಳುತ್ತಿದ್ದರು, ನಡುವೆ ಸೆನ್ಸಾರ್. ಇಷ್ಟು ಕಿವಿಗಳನ್ನು ದಾಟಿಸಿ ಸ್ನೇಹಿತನಿಗೆ ಸತ್ಯ ಮುಟ್ಟಿಸಲು ಅವರು ಒಗಟು ಹೆಣೆದರು. ಕರಿಮೆಣಸು ಮುಗಿಯುತ್ತಾ ಬಂದಿದೆ, ಇನ್ನಷ್ಟು ತರಿಸುತ್ತಾರಂತೆ, ಕೆಂಪು ಮೆಣಸಿನಕಾಯಿಯನ್ನು ಉಳಿಸಿಕೊಳ್ಳುತ್ತಿದ್ದಾರೆ. ಕರಿಯದು ನಮ್ಮವರು, ಕೆಂಪಗಿನದು ಬಿಳಿಯರು. ಸೆನ್ಸಾರಿನವರಿಗೆ ಇದು ಅರ್ಥವಾಗದೇ ಇರಲಿಲ್ಲ. ಗಾಯ ಮಾಯ್ದ ಕೂಡಲೇ ಮತ್ತೆ ಕಂದಕಕ್ಕೆ ಅಟ್ಟುತ್ತಾರೆ ಎಂಬ ಸಂಕಟವೂ ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಾಗಾದರೆ ಆ ಹವಾಲ್ದಾರ ಹೇಡಿಯೇ? ಇದನ್ನು ಹಂಚಿಕೊಂಡರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಸೈನಿಕರ ಮನೋಬಲ ಕುಗ್ಗಿಸುತ್ತೀರಾ ಎಂದೂ ಗದರುತ್ತಾರೆ. ಪತ್ರವನ್ನು ಇನ್ನೊಮ್ಮೆ ಓದಲಿ. ನನ್ನನ್ನು ಇಲ್ಲಿಂದ ಪಾರು ಮಾಡು ಎಂದು ಅವನು ಬೇಡಿಕೊಂಡಿಲ್ಲ. ಬೇಡಿದ್ದೆಲ್ಲ ತಮ್ಮನಿಗಾಗಿ, ಸ್ನೇಹಿತನಿಗಾಗಿ, ಸ್ನೇಹಿತನ ನೆಂಟರಿಗಾಗಿ. ತಾನು ಬೇಯುತ್ತಿರುವ ಪಾತ್ರೆಗೆ ಇನ್ನೊಬ್ಬನು ಬೀಳಬಾರದು ಎನ್ನುವವನಿಗೆ ಹೇಡಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಹೆದರಿಕೆ ಮತ್ತು ಕರ್ತವ್ಯ ಒಂದೇ ಎದೆಯಲ್ಲಿ ಇರಬಹುದು ಎಂಬುದನ್ನು ನಾವು ಒಪ್ಪುವುದಿಲ್ಲ, ಅದೇ ತೊಂದರೆ. ಹೆದರದ ಸೈನಿಕ ಬೇಕು ನಮಗೆ, ಹಾರ ಹಾಕುವುದಕ್ಕೆ ಸಲೀಸು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಪಾಲ್ಗೊಂಡು ಗೆದ್ದದ್ದು ನಮಗೆ ಹೆಮ್ಮೆಯೇ, ಇರಲಿ. ಆದರೆ ಹಿಂದಿನ ರಾತ್ರಿ ಆ ಸವಾರರು ತಮ್ಮ ತಮ್ಮಲ್ಲಿ ಏನು ಮಾತಾಡಿಕೊಂಡರು ಎಂದು ಕೇಳುವ ಕುತೂಹಲವೂ ನಮಗಿರಬೇಕಿತ್ತು.

ನೆವ್ ಶಾಪೆಲ್‌ನಲ್ಲಿ 1927ರಲ್ಲಿ ಉದ್ಘಾಟನೆಯಾದ ಸ್ಮಾರಕದ ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳಿವೆ. ಸಮಾಧಿಯೂ ಸಿಗದ ಭಾರತೀಯರು ಅವರು. ಅಲ್ಲಿ ಹೆಸರಿದೆ, ದಳವಿದೆ, ಮಾತಿಲ್ಲ. ಮಾತು ಇರುವುದು ಆ ಪತ್ರಗಳಲ್ಲಿ.

ನಿಮ್ಮ ಮನೆಯ ಟ್ರಂಕಿನಲ್ಲಿ 1962ರದೋ 1965ರದೋ 1971ರದೋ ಇಂಥ ಪತ್ರವಿದ್ದರೆ, ‘56 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ವಿಳಾಸದಿಂದ ಸ್ನೇಹಿತನಿಗೆ ಬಂದದ್ದು, ದಯವಿಟ್ಟು ತಿಳಿಸಿ. ಊಟ ಸರಿಯಿಲ್ಲ, ಮೇಲಧಿಕಾರಿ ಕಿರುಕುಳ ಕೊಡುತ್ತಾನೆ, ರಜೆ ಸಿಗುತ್ತಿಲ್ಲ ಎಂದಷ್ಟೇ ಇದ್ದರೂ ಸರಿ. ಇಲ್ಲಿ ಹಾಕುವ ಮುನ್ನ ಮಾತ್ರ ಬರೆದವರ ಮನೆಯವರನ್ನು ಒಂದು ಮಾತು ಕೇಳಿ.